ಮುತ್ತಿನ ಸರ, ಮಡಚುವ ಮೇಜು

ಅಮೆರಿಕದ ಕಪ್ಪು ಮಹಿಳೆಯರು ಗ್ರೀಕ್ ಅಕ್ಷರಗಳ ಹೆಸರಿಟ್ಟು ಕಟ್ಟಿಕೊಂಡ ಸಂಘಗಳಿಗೆ, ಅಂದರೆ ಸೊರಾರಿಟಿಗಳಿಗೆ, ಜನವರಿ ಹಬ್ಬದ ತಿಂಗಳು. ಜನವರಿ 13 ಡೆಲ್ಟಾ ಸಿಗ್ಮಾ ಥೀಟಾದ ಹುಟ್ಟುಹಬ್ಬ. 15 ಆಲ್ಫಾ ಕಪ್ಪಾ ಆಲ್ಫಾದ್ದು. 16 ಝೀಟಾ ಫೈ ಬೀಟಾದ್ದು. ಅದಕ್ಕೆ ತಾಗಿಕೊಂಡೇ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನ ಬರುತ್ತದೆ. 1994ರ ಕಾಯ್ದೆಯ ನಂತರ ಅದು ಬರೀ ರಜೆಯಲ್ಲ, ಸೇವೆಯ ದಿನವೂ ಹೌದು. ಹಾಗಾಗಿ ಶನಿವಾರ ಮುತ್ತಿನ ಸರ ಹಾಕಿಕೊಂಡು ಸ್ಥಾಪನಾ ದಿನದ ಊಟಕ್ಕೆ ಕೂತಿದ್ದ ಹೆಂಗಸರೇ ಸೋಮವಾರ ಬೆಳಿಗ್ಗೆ ಯಾವುದೋ ಚರ್ಚಿನ ನೆಲಮಾಳಿಗೆಯಲ್ಲಿ ಮಡಚುವ ಮೇಜುಗಳ ಕಾಲು ಬಿಡಿಸುತ್ತಿರುತ್ತಾರೆ. ಶನಿವಾರದ ಫೋಟೋಗಳು ಊರೆಲ್ಲ ಓಡಾಡುತ್ತವೆ. ಸೋಮವಾರದವನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ.

ಸೊರಾರಿಟಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಸಿನಿಮಾದಲ್ಲಿ ನೋಡಿದ ಕಾಲೇಜು ಹುಡುಗಿಯರ ಬಂಗಲೆ, ಪಾರ್ಟಿ, ಗಲಾಟೆ. ಅಮೆರಿಕದ ಕಪ್ಪು ಮಹಿಳೆಯರ ಸೊರಾರಿಟಿಗಳನ್ನು ಆ ಚಿತ್ರದಿಂದ ಅಳೆಯಲು ಹೋದರೆ ಏನೂ ಅರ್ಥವಾಗುವುದಿಲ್ಲ. ಇಲ್ಲಿ ಸದಸ್ಯತ್ವ ಜೀವನಪೂರ್ತಿ. ಕಾಲೇಜು ಶಾಖೆ ಒಂದು, ಪದವಿ ಮುಗಿಸಿದವರ ಶಾಖೆ ಇನ್ನೊಂದು. ಊರಿನ ಕೆಲಸವನ್ನೆಲ್ಲ ನಿಜವಾಗಿ ಹೊರುವುದು ಈ ಎರಡನೆಯದು. ಅದರಲ್ಲಿ ಶಿಕ್ಷಕಿ, ನರ್ಸ್, ವಕೀಲೆ, ಅಂಚೆ ಇಲಾಖೆಯಿಂದ ನಿವೃತ್ತರಾದವರು, ಇಪ್ಪತ್ತೈದರವರು, ಎಂಬತ್ತೈದರವರು ಎಲ್ಲರೂ ಇರುತ್ತಾರೆ. ಲ್ಯಾಟಿನ್ನಿನಲ್ಲಿ ಸೊರೋರ್ ಎಂದರೆ ಸಹೋದರಿ. ಇವರು ಒಬ್ಬರನ್ನೊಬ್ಬರು ಕರೆಯುವುದೂ ಹಾಗೆಯೇ. ಆಲ್ಫಾ ಕಪ್ಪಾ ಆಲ್ಫಾವನ್ನು ಚಿಕ್ಕದಾಗಿ ಎ.ಕೆ.ಎ. ಎನ್ನುತ್ತಾರೆ. ಕನ್ನಡದ ಕಿವಿಗೆ ಅದರಲ್ಲಿ ‘ಅಕ್ಕ’ ಕೇಳಿಸಿದರೆ ಅರ್ಥವೇನೂ ಕೆಡುವುದಿಲ್ಲ.

ಹುಟ್ಟಿದ ಕಾಲವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಗುಲಾಮಗಿರಿ ಮುಗಿದದ್ದು 1865ರಲ್ಲಿ. 1908ರಲ್ಲಿ ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ಎಥೆಲ್ ಹೆಜ್‌ಮನ್ ಮತ್ತು ಗೆಳತಿಯರು ಎ.ಕೆ.ಎ. ಕಟ್ಟಿದಾಗ ಆ ಬಿಡುಗಡೆಗೆ ಇನ್ನೂ ಐವತ್ತು ವರ್ಷ ತುಂಬಿರಲಿಲ್ಲ. ಅಲ್ಲಿಯೇ 1913ರಲ್ಲಿ 22 ವಿದ್ಯಾರ್ಥಿನಿಯರು ಡೆಲ್ಟಾ ಕಟ್ಟಿದರು, 1920ರಲ್ಲಿ ಐವರು ಝೀಟಾ ಕಟ್ಟಿದರು. ಸಿಗ್ಮಾ ಗಾಮಾ ರೋ ಮಾತ್ರ ಬೇರೆ ಮಣ್ಣಿನದು. 1922ರ ನವೆಂಬರ್ 12ರಂದು ಇಂಡಿಯಾನಾಪೊಲಿಸ್‌ನಲ್ಲಿ ಏಳು ಜನ ಶಾಲಾ ಶಿಕ್ಷಕಿಯರು ಅದನ್ನು ಹುಟ್ಟುಹಾಕಿದರು. ಆ ರಾಜ್ಯದಲ್ಲಿ ಬಿಳಿಯರೇ ಮೇಲು ಎನ್ನುವ ಹಿಂಸಾತ್ಮಕ ಗುಂಪು ಕು ಕ್ಲುಕ್ಸ್ ಕ್ಲಾನ್ ಬಲವಾಗಿ ಬೆಳೆಯುತ್ತಿದ್ದ ಕಾಲ ಅದು. ಇವೆಲ್ಲ, ಜೊತೆಗೆ ಗಂಡಸರ ಐದು ಸಂಘಗಳು, ಸೇರಿ ಇಂದು ‘ಡಿವೈನ್ ನೈನ್’ ಎನಿಸಿಕೊಂಡಿವೆ.

ಡೆಲ್ಟಾದವರು ಮೊದಲು ಬೀದಿಗಿಳಿದದ್ದು ಹುಟ್ಟಿದ ಏಳೇ ವಾರಕ್ಕೆ. 1913ರ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ಮಹಿಳಾ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಅವರು ಹೆಜ್ಜೆ ಹಾಕಿದರು. ಹಕ್ಕು ಕೇಳಲು ಹೊರಟ ಆ ಮೆರವಣಿಗೆಯೊಳಗೇ ಕಪ್ಪು ಹೆಂಗಸರು ಹಿಂದೆ ನಡೆಯಲಿ ಎಂಬ ಒತ್ತಡವಿತ್ತು.

ಆದರೆ ಇವರ ಸೇವೆಯ ವ್ಯಾಕರಣ ತಿಳಿಯಬೇಕೆಂದರೆ ಮಿಸಿಸಿಪ್ಪಿಗೆ ಹೋಗಬೇಕು. 1934ರ ಬೇಸಿಗೆಯಲ್ಲಿ ಎ.ಕೆ.ಎ.ಯ ಅಂದಿನ ರಾಷ್ಟ್ರಾಧ್ಯಕ್ಷೆ ಐಡಾ ಲೂಯಿಸ್ ಜಾಕ್ಸನ್ ಅಲ್ಲಿನ ಹೋಮ್ಸ್ ಕೌಂಟಿಯ, ಅಂದರೆ ಜಿಲ್ಲೆಯ, ಲೆಕ್ಸಿಂಗ್ಟನ್ನಿನಲ್ಲಿ ಹಳ್ಳಿ ಶಾಲೆಯ ಶಿಕ್ಷಕರಿಗೆ ತರಬೇತಿ ಶುರುಮಾಡಿದರು. ಪಾಠ ಹೇಳುವವರೂ ಕಲಿಯುವವರೂ ಕಾಯಿಲೆಯಿಂದ ನರಳುತ್ತಿದ್ದರೆ ತರಬೇತಿಯಿಂದ ಏನಾದೀತು ಎಂಬುದು ಬೇಗನೆ ಗೊತ್ತಾಯಿತು. ಮರುವರ್ಷ ವಾಷಿಂಗ್ಟನ್ನಿನ ವೈದ್ಯೆ ಡಾ. ಡೊರೊಥಿ ಬೌಲ್ಡಿಂಗ್ ಫೆರಬೀ ಅವರ ಮುಂದಾಳತ್ವದಲ್ಲಿ ವೈದ್ಯರು, ನರ್ಸ್‌ಗಳು, ಸದಸ್ಯೆಯರು ಹೊರಟರು. ಡಿಫ್ತೀರಿಯಾ ಮತ್ತು ಸಿಡುಬಿಗೆ ಲಸಿಕೆ ಹಾಕುವುದು, ಹಲ್ಲು ನೋಡುವುದು, ಊಟ-ನೈರ್ಮಲ್ಯದ ಬಗ್ಗೆ ಹೇಳಿಕೊಡುವುದು ಕೆಲಸ. ದಕ್ಷಿಣದ ರೈಲಿನಲ್ಲಿ ಕಪ್ಪು ಜನರ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕೇ ಸ್ವಂತ ಕಾರುಗಳಲ್ಲಿ, ತಾವೇ ಚಾಲಕಿಯರಾಗಿ ಹೋದರು.

ಅಲ್ಲಿ ಯೋಜನೆ ಆರಂಭದಲ್ಲೇ ಮುರಿಯಿತು. ಒಂದು ಕಡೆ ಚಿಕಿತ್ಸಾಲಯ ತೆರೆದು ಕೂತರೆ ಜನ ಬರುತ್ತಾರೆ ಎಂದುಕೊಂಡಿದ್ದರು. ಹತ್ತಿ ತೋಟದ ಮಾಲೀಕರು ತಮ್ಮ ಪಾಲುಗಾರಿಕೆಯ ರೈತರನ್ನು ತೋಟ ಬಿಟ್ಟು ಹೋಗಲು ಬಿಡಲಿಲ್ಲ. ಉತ್ತರದಿಂದ ಬಂದ ಓದಿದ ಕಪ್ಪು ಹೆಂಗಸರು ಜನರ ತಲೆಗೆ ಏನು ತುಂಬುತ್ತಾರೋ ಎಂಬ ಅನುಮಾನ ಅವರದು. ಆಗ ಫೆರಬೀ ತಂಡ ಚಿಕಿತ್ಸಾಲಯವನ್ನೇ ಕಾರಿನೊಳಗೆ ತುಂಬಿಕೊಂಡಿತು. ಔಷಧ, ಸಿರಿಂಜು, ದಾಖಲೆ ಪುಸ್ತಕ ಎಲ್ಲ ಹೇರಿಕೊಂಡು ತೋಟದಿಂದ ತೋಟಕ್ಕೆ ಹೋದರು. ಮೇಸ್ತ್ರಿಗಳು ಕುದುರೆ ಮೇಲೆ ಕೂತು, ಇವರು ರೋಗಿಯನ್ನು ಏನು ಕೇಳುತ್ತಾರೆಂದು ಕಿವಿಗೊಟ್ಟು ಕಾಯುತ್ತಿದ್ದರು. ಹೀಗೆ ಬೇಸಿಗೆಯಲ್ಲಿ ಕೆಲವೇ ವಾರ, ಆದರೆ ವರ್ಷದ ಮೇಲೆ ವರ್ಷ, ಸಾವಿರಾರು ಮಕ್ಕಳಿಗೆ ಲಸಿಕೆ ಬಿತ್ತು. ಕೊನೆಗೆ ಅದನ್ನು ನಿಲ್ಲಿಸಿದ್ದು ತೋಟದ ಮಾಲೀಕರಲ್ಲ, ಎರಡನೇ ಮಹಾಯುದ್ಧದ ಪೆಟ್ರೋಲ್ ಮತ್ತು ಟೈರ್ ಪಡಿತರ.

ಇಂದಿನ ಶಾಖೆಗಳ ಒಳ್ಳೆಯ ಕೆಲಸಗಳಲ್ಲೆಲ್ಲ ಆ ಕಾರಿನ ನೆರಳಿದೆ. ಬರಲಾಗದವರ ಹತ್ತಿರ ತಾವೇ ಹೋಗುವುದು, ಹೋಗುವಾಗ ದಾಖಲೆ ಪುಸ್ತಕ ಮರೆಯದಿರುವುದು. ಕೆಟ್ಟು ಹೋಗುವ ಕಾರ್ಯಕ್ರಮಗಳನ್ನು ನೋಡಿದರೆ ಇವೆರಡರಲ್ಲಿ ಒಂದು ತಪ್ಪಿರುತ್ತದೆ.

ವಾರಾಂತ್ಯದ ಊಟದ ಚೀಲವನ್ನೇ ತೆಗೆದುಕೊಳ್ಳಿ. ಶಾಲೆಯಲ್ಲಿ ಉಚಿತ ಊಟ ಪಡೆಯುವ ಮಗುವಿಗೆ ಶುಕ್ರವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆವರೆಗೆ ಏನಿದೆ ಎಂಬ ಪ್ರಶ್ನೆಗೆ ಉತ್ತರ ಇದು. ಎರಡು ತಿಂಡಿ, ಎರಡು ಮಧ್ಯಾಹ್ನದ ಊಟ, ಎರಡು ರಾತ್ರಿ ಊಟ, ನಡುವೆ ಬಾಯಾಡಿಸಲು ಒಂದಿಷ್ಟು. ಓಟ್ಸ್ ಪೊಟ್ಟಣ ಎರಡು, ಫ್ರಿಜ್ ಬೇಡದ ಹಾಲಿನ ಪುಟ್ಟ ಡಬ್ಬಿ ಎರಡು, ಬೀನ್ಸ್, ರವಿಯೋಲಿ ಎಂಬ ಪಾಸ್ತಾ, ಟ್ಯೂನಾ ಮೀನು, ಪುಟ್ಟ ಕಪ್‌ನಲ್ಲಿ ಬರುವ ಹಣ್ಣಿನ ಹೋಳು, ಬಿಸ್ಕತ್ತು, ಒಟ್ಟು ಹನ್ನೆರಡು ಸಾಮಾನು ಎಂದಿಟ್ಟುಕೊಳ್ಳಿ. ಇದರಲ್ಲಿ ಮೊದಲ ನಿಯಮ: ಏಳು ವರ್ಷದ ಮಗು ದೊಡ್ಡವರಿಲ್ಲದೆ ತೆರೆಯುವಂತಿರಬೇಕು. ಡಬ್ಬಿ ತೆರೆಯುವ ಸಾಧನ ಬೇಕಾದ ಡಬ್ಬಿ ಬೇಡ, ಗಾಜು ಬೇಡ. ಮೈಕ್ರೋವೇವ್ ಬೇಕಾದ ಮ್ಯಾಕರೋನಿಯನ್ನು ಎಲ್ಲರೂ ಮೊದಲು ತರುತ್ತಾರೆ. ಮಗುವಿನ ಮನೆಯವರು ಮೋಟೆಲ್ ಕೋಣೆಯಲ್ಲೋ ಕಾರಿನಲ್ಲೋ ದಿನ ಕಳೆಯುತ್ತಿದ್ದರೆ ಅದು ಬರೀ ಒಣ ಹಿಟ್ಟು. ಕಡಲೆಕಾಯಿ ಬೆಣ್ಣೆ ಅಗ್ಗ, ಪೌಷ್ಟಿಕ, ಕೆಡುವುದಿಲ್ಲ. ಆದರೂ ಶಾಲೆಯನ್ನು ಕೇಳದೆ ಹಾಕಬಾರದು, ಅಲರ್ಜಿಯ ಮಗು ಒಂದಿದ್ದರೂ ಇಡೀ ಚೀಲ ವಾಪಸ್ ಬರುತ್ತದೆ.

ಲೆಕ್ಕ ತಪ್ಪುವುದು ಪೆಟ್ಟಿಗೆಗಳಲ್ಲಿ. ಸಗಟು ಅಂಗಡಿಯಲ್ಲಿ ಸಾಮಾನು ಬರುವುದು 12 ಅಥವಾ 24ರ ಕಟ್ಟಿನಲ್ಲಿ. 200 ಚೀಲಕ್ಕೆ 24ರ ಕಟ್ಟು ಎಂಟು ತಂದರೆ 192, ಎಂಟು ಚೀಲ ಖಾಲಿ ಉಳಿದವು. ಒಂಬತ್ತು ತಂದರೆ 16 ಉಳಿಯುತ್ತವೆ, ಅದು ಒಳ್ಳೆಯದು, ಏಕೆಂದರೆ ನಜ್ಜುಗುಜ್ಜಾದ ಡಬ್ಬಿ ಖಂಡಿತ ನಾಲ್ಕಾದರೂ ಸಿಗುತ್ತವೆ. ಮೇಜುಗಳನ್ನು ಕುದುರೆ ಲಾಳದ ಆಕಾರದಲ್ಲಿ ಜೋಡಿಸಿ, ಭಾರದ್ದು ಮೊದಲು, ಹಗುರದ್ದು ಕೊನೆಗೆ ಇಟ್ಟು, ಸ್ವಯಂಸೇವಕರು ಚೀಲ ಹಿಡಿದು ನಡೆಯುತ್ತಾರೆ. ಸಾಮಾನಿನ ಹಿಂದೆ ನಿಂತವರು ತಮ್ಮ ಒಂದೇ ವಸ್ತು ಹಾಕುತ್ತಾರೆ. ಮಾತಿನ ಭರದಲ್ಲಿ ಒಂದು ಡಬ್ಬಿ ಬಿಟ್ಟುಹೋಗುವುದು ಮಾಮೂಲು. ಪ್ರತಿ ಚೀಲ ಬಿಚ್ಚಿ ಎಣಿಸುತ್ತ ಕೂರಲಾಗುವುದಿಲ್ಲ. ಸರಿಯಾಗಿ ತುಂಬಿದ ಒಂದು ಚೀಲವನ್ನು ಲಗೇಜ್ ತೂಗುವ ಕೈತಕ್ಕಡಿಗೆ ತಗುಲಿಸಿ ತೂಕ ಬರೆದಿಟ್ಟುಕೊಳ್ಳಿ, ಉಳಿದವನ್ನು ಅದಕ್ಕೆ ಹೋಲಿಸಿ. ಬೀನ್ಸ್ ಡಬ್ಬಿ ಇಲ್ಲದ ಚೀಲವನ್ನು ಮುಳ್ಳೇ ಹೇಳುತ್ತದೆ. ಒಟ್ಟು ತೂಕ ಎರಡು ಕಿಲೋ ದಾಟಿದರೆ ಚಿಕ್ಕ ಮಗು ಹೊತ್ತು ಹೋಗುವುದಿಲ್ಲ, ಬಸ್ಸಿನಲ್ಲೇ ಬಿಟ್ಟು ಇಳಿಯುತ್ತದೆ.

ಇನ್ನೊಂದು ಸೂಕ್ಷ್ಮ. ಹಂಚುವವರ ಅಂಗಿಯ ಮೇಲೆ ಗ್ರೀಕ್ ಅಕ್ಷರ ಅಂಗೈಯಗಲ ಇರುತ್ತದೆ, ಚೀಲದ ಮೇಲೆ ಒಂದೂ ಇರಬಾರದು. ಒಳಗಿನದು ಕಾಣದ, ಬರಹವಿಲ್ಲದ ಚೀಲ. ಯಾರಿಗೆ ಎಂದು ಶಾಖೆಗೆ ಗೊತ್ತಾಗುವುದಿಲ್ಲ, ಗೊತ್ತಾಗಲೂ ಬಾರದು. ಶಾಲೆಯ ಆಪ್ತಸಮಾಲೋಚಕರು ಊಟದ ವೇಳೆ ಮಗುವಿನ ಬ್ಯಾಗಿಗೆ ಅದನ್ನು ಸೇರಿಸುತ್ತಾರೆ. ಚೀಲದ ಮೇಲೆ ಸಂಘದ ಮುದ್ರೆ ಹಾಕಿ ಚೆನ್ನಾಗಿ ಕಾಣಲಿ ಎಂದವರು ತರಗತಿಯಲ್ಲಿ ಆ ಮಗುವಿಗೆ ಹಸಿದವನೆಂಬ ಚೀಟಿ ಅಂಟಿಸಿದಂತೆ.

ಝೀಟಾದವರ ‘ಸ್ಟಾರ್ಕ್ಸ್ ನೆಸ್ಟ್’, ಅಂದರೆ ಕೊಕ್ಕರೆಯ ಗೂಡು, ಬೇರೆಯದೇ ಜಾಣತನ. ತಾಯಿ-ಮಗುವಿನ ಆರೋಗ್ಯಕ್ಕೆ ದುಡಿಯುವ ಮಾರ್ಚ್ ಆಫ್ ಡೈಮ್ಸ್ ಸಂಸ್ಥೆಯ ಜೊತೆ 1972ರಿಂದ ನಡೆಸುತ್ತಿರುವ ಕಾರ್ಯಕ್ರಮ ಅದು. ಗರ್ಭಿಣಿ ತಪಾಸಣೆಗೆ ಹೋದರೆ ಅಂಕ, ತರಗತಿಗೆ ಬಂದರೆ ಅಂಕ. ಅಂಕ ಸೇರಿಸಿ ಗೂಡಿನಿಂದ ಮಗುವಿನ ಸಾಮಾನು ಕೊಳ್ಳಬಹುದು. ದಾನ ಎನ್ನುವುದಕ್ಕಿಂತ ಅದು ಗಳಿಕೆ, ಕೈಚಾಚುವ ಮುಜುಗರವಿಲ್ಲ. ಇಂಥ ಗೂಡಿನ ಕಪಾಟಿನಲ್ಲಿ ಏನಿಡಬೇಕು ಎನ್ನುವುದಕ್ಕಿಂತ ಏನಿಡಬಾರದು ಎಂಬ ಪಟ್ಟಿಯೇ ಉದ್ದ. ಒಂದು ಬದಿ ಇಳಿಯುವ ತೊಟ್ಟಿಲ ಮಂಚ 2011ರಿಂದ ಮಾರಾಟಕ್ಕೇ ನಿಷಿದ್ಧ. ಮಂಚದ ಒಳಸುತ್ತಿಗೆ ಕಟ್ಟುವ ಮೆತ್ತೆಯನ್ನು 2022ರ ಕಾಯ್ದೆ ನಿಷೇಧಿಸಿತು. ಬಳಸಿದ ಕಾರ್ ಸೀಟ್ ಅಂತೂ ಬೇಡವೇ ಬೇಡ. ಅದರ ಮೇಲೆ ಬಳಕೆಯ ಕೊನೆಯ ದಿನಾಂಕ ಇರುತ್ತದೆ, ಅಪಘಾತ ಕಂಡಿದೆಯೋ ಇಲ್ಲವೋ ನೋಡಿ ಹೇಳಲಾಗದು. ಡೈಪರ್ ವಿಷಯದಲ್ಲಿ ದಾನಿಗಳೆಲ್ಲ ನವಜಾತ ಶಿಶುವಿನ ಅಳತೆಯನ್ನೇ ತರುತ್ತಾರೆ, ಪೊಟ್ಟಣ ನೋಡಲು ಮುದ್ದು. ಕೆಲವೇ ವಾರದಲ್ಲಿ ಮಗು ಅದನ್ನು ದಾಟುತ್ತದೆ. ಯಾವಾಗಲೂ ಖಾಲಿಯಾಗುವುದು 4, 5, 6ನೇ ಅಳತೆ. ಸರ್ಕಾರದ ಆಹಾರ ನೆರವಿನ ಹಣದಲ್ಲಿ ಡೈಪರ್ ಕೊಳ್ಳಲು ಬರುವುದಿಲ್ಲ, ತಾಯಂದಿರು ಇದಕ್ಕೇ ಹೆಚ್ಚು ಪರದಾಡುತ್ತಾರೆ.

ಸಿಗ್ಮಾ ಗಾಮಾ ರೋದವರು ಅಮೆರಿಕದ ಈಜು ಸಂಸ್ಥೆಯ ಜೊತೆ ನಡೆಸುವ ‘ಸ್ವಿಮ್ 1922’ರ ಹಿಂದೆ ಕಹಿ ಚರಿತ್ರೆಯಿದೆ. ಕಪ್ಪು-ಬಿಳಿಯರನ್ನು ಬೇರೆ ಬೇರೆ ಇಡುತ್ತಿದ್ದ ಕಾಲದಲ್ಲಿ ಕಪ್ಪು ಜನರನ್ನು ಸಾರ್ವಜನಿಕ ಕೊಳಕ್ಕೆ ಬಿಡಲಿಲ್ಲ, ಬಿಡಲೇಬೇಕಾದಾಗ ಎಷ್ಟೋ ಊರುಗಳು ಕೊಳವನ್ನೇ ಮುಚ್ಚಿದವು. ಅಜ್ಜಿಗೆ ಈಜು ಬರಲಿಲ್ಲ, ಅಮ್ಮನಿಗೆ ಬರಲಿಲ್ಲ, ಮಗುವಿಗೆ ನೀರಿನ ಭಯ ಬಂತು. ಪಾಠ ಶುರುಮಾಡುವವರು ಮರೆಯುವುದು ಕೂದಲನ್ನು. ಜಡೆ, ಹುರಿಗಟ್ಟಿದ ಕೂದಲು (ಲಾಕ್ಸ್), ದಟ್ಟ ಗುಂಗುರು ಕೂದಲು ಮಾಮೂಲಿ ಈಜು ಟೋಪಿಗೆ ಹಿಡಿಸುವುದಿಲ್ಲ. ಕ್ಲೋರಿನ್ ಬಿದ್ದ ಕೂದಲು ಸರಿಮಾಡಲು ಅಮ್ಮನ ಅರ್ಧ ಭಾನುವಾರ ಹೋಗುತ್ತದೆ. ದಟ್ಟ ಕೂದಲಿಗೆಂದೇ ಮಾಡಿದ ದೊಡ್ಡ ಟೋಪಿಯನ್ನು ಅಂತರರಾಷ್ಟ್ರೀಯ ಈಜು ಒಕ್ಕೂಟ 2021ರಲ್ಲಿ ತಿರಸ್ಕರಿಸಿ, ಟೀಕೆಯ ಬಳಿಕ 2022ರಲ್ಲಿ ಒಪ್ಪಿತು. ಮೊದಲ ತರಗತಿಗೇ ಒಂದು ಪೆಟ್ಟಿಗೆ ದೊಡ್ಡ ಟೋಪಿ ಇಟ್ಟರೆ ಎರಡನೇ ತರಗತಿಗೆ ಮಕ್ಕಳು ಬರುತ್ತಾರೆ.

ಮತದಾರರ ನೋಂದಣಿ ಮೇಜು ಎಲ್ಲ ನಾಲ್ಕು ಸಂಘಗಳದ್ದೂ ಹಳೆಯ ಕಸುಬು. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲು. ಟೆಕ್ಸಾಸ್‌ನಲ್ಲಿ ಅರ್ಜಿ ಸ್ವೀಕರಿಸಬೇಕಾದರೆ ಕೌಂಟಿಯಿಂದ ಸ್ವಯಂಸೇವಾ ಉಪನೋಂದಣಾಧಿಕಾರಿ ಎಂದು ನೇಮಕವಾಗಿರಬೇಕು. ಪಕ್ಕದ ಕೌಂಟಿಯವರ ಅರ್ಜಿ ಮುಟ್ಟಬೇಕೆಂದರೆ ಅಲ್ಲೂ ಬೇರೆ ನೇಮಕ ಬೇಕು. ಅರ್ಜಿ ಕೊಟ್ಟವರಿಗೆ ರಸೀದಿ ಕೊಡಬೇಕು, ಐದು ದಿನದೊಳಗೆ ಅರ್ಜಿ ಕಚೇರಿ ತಲುಪಬೇಕು. ಒಂದು ಸಾಮಾನ್ಯ ತಪ್ಪು ನಗು ಬರಿಸುವಂಥದ್ದು. ಹುಟ್ಟಿದ ದಿನಾಂಕದ ಜಾಗದಲ್ಲಿ ಜನ ಆ ದಿನದ ದಿನಾಂಕ ಬರೆಯುತ್ತಾರೆ. ಇನ್ನೊಂದು ಸಹಿ ಮರೆಯುವುದು. ಹೀಗಾಗಿ ಬಂದವರು ಮೇಜು ಬಿಡುವ ಮುನ್ನ ಅರ್ಜಿಯನ್ನು ಇನ್ನೊಬ್ಬರು ಓದಲೇಬೇಕು. ಮೇಜಿನ ಮೇಲೆ ಯಾವ ಅಭ್ಯರ್ಥಿಯ ಕರಪತ್ರವೂ ಇರಬಾರದು, ಸದಸ್ಯೆಯೇ ಚುನಾವಣೆಗೆ ನಿಂತಿದ್ದರೂ ಸರಿ.

ಹಬ್ಬದ ಕಡೆ ಬರೋಣ. ಜನ ಬರುವುದು ಅದಕ್ಕೇ, ಹಣ ಬರುವುದೂ ಅಲ್ಲಿಂದಲೇ. ಬೋಸ್ಟನ್ನಿನ ಡೆಲ್ಟಾ ಶಾಖೆ 1925ರಲ್ಲಿ ‘ಜಾಬರ್‌ವಾಕ್’ ಎಂಬ ಪ್ರದರ್ಶನ ಶುರುಮಾಡಿತು, ಹಾಡು, ಕುಣಿತ, ಹುಡುಗಿಯರ ಪ್ರತಿಭೆ ಎಲ್ಲ ಸೇರಿದ್ದು. ಇಂದಿಗೂ ಶಾಖೆಗಳು ಅದನ್ನು ನಡೆಸಿ ವಿದ್ಯಾರ್ಥಿವೇತನಕ್ಕೆ ಹಣ ಕೂಡಿಸುತ್ತವೆ. ಇಲ್ಲಿ ತೆರಿಗೆಯ ಒಂದು ಗಂಟಿದೆ. ಸೊರಾರಿಟಿ ಶಾಖೆಗಳು ಸಾಮಾನ್ಯವಾಗಿ ಅಮೆರಿಕದ ತೆರಿಗೆ ಕಾಯ್ದೆಯ 501 ಸಿ 7, ಅಂದರೆ ಸಾಮಾಜಿಕ ಕ್ಲಬ್ಬಿನ ವರ್ಗ. ಅವಕ್ಕೆ ಕೊಟ್ಟ ಹಣಕ್ಕೆ ದಾನಿಗೆ ತೆರಿಗೆ ವಿನಾಯಿತಿ ಇಲ್ಲ. ಹಾಗಾಗಿ ಪಕ್ಕದಲ್ಲೊಂದು 501 ಸಿ 3, ಅಂದರೆ ದತ್ತಿ ಸಂಸ್ಥೆಯ ವರ್ಗದ, ಪ್ರತಿಷ್ಠಾನ ಕಟ್ಟಿಕೊಳ್ಳುತ್ತಾರೆ. ಪ್ರತಿಷ್ಠಾನದ ಕಾರ್ಯಕ್ರಮಕ್ಕೆ 100 ಡಾಲರಿನ ಟಿಕೆಟ್ ಕೊಂಡು 60 ಡಾಲರಿನ ಊಟ ಉಂಡವರಿಗೆ ವಿನಾಯಿತಿ 40ಕ್ಕೆ ಮಾತ್ರ. ಹಣ 75 ಡಾಲರ್ ದಾಟಿದರೆ ಇದನ್ನು ಬರೆದೇ ತಿಳಿಸಬೇಕು. ಎರಡು ಸಂಸ್ಥೆಗೆ ಎರಡು ಬ್ಯಾಂಕ್ ಖಾತೆ. ಟೀ ಶರ್ಟಿನ ಹಣ ವಿದ್ಯಾರ್ಥಿವೇತನದ ಖಾತೆಗೆ, ಅಥವಾ ಅದು ಇದಕ್ಕೆ, ಬೆರೆತ ದಿನವೇ ಖಜಾಂಚಿಯ ನಿದ್ದೆ ಹೋಯಿತು.

ಹೆಜ್ಜೆ ಕುಣಿತದಲ್ಲೂ ವ್ಯತ್ಯಾಸ ತಿಳಿದಿರಬೇಕು. ಸ್ಟೆಪ್ಪಿಂಗ್‌ನಲ್ಲಿ ವಾದ್ಯವೇ ಮೈ. ಪಾದ ಬಡಿತ, ಚಪ್ಪಾಳೆ, ತೊಡೆ ತಟ್ಟುವುದು, ನಡುವೆ ಕೂಗು. ಸ್ಟ್ರೋಲ್ ಎಂದರೆ ಹಾಡಿಗೆ ಸಾಲಾಗಿ ಚಲಿಸುವುದು. ಸ್ಟೆಪ್ಪಿಂಗ್‌ಗೆ ಮರದ ಹಲಗೆಯ ವೇದಿಕೆ ಬೇಕು. ಕಾರ್ಪೆಟ್ ಸದ್ದನ್ನು ನುಂಗುತ್ತದೆ, ಕಾಂಕ್ರೀಟು ಮೊಣಕಾಲು ತಿನ್ನುತ್ತದೆ. ಮೈಕನ್ನು ಬಾಯಿಗೆ ಮಾತ್ರ ಹಿಡಿದು ನೆಲವನ್ನು ಮರೆತರೆ ಹಿಂದಿನ ಸಾಲಿಗೆ ಅರ್ಧ ಪ್ರದರ್ಶನವಷ್ಟೇ ತಲುಪುತ್ತದೆ.

ವರ್ಷದ ಕೊನೆಗೆ ಕ್ವಾನ್ಜಾ, ಅಮೆರಿಕದ ಕಪ್ಪು ಜನರ ಸಾಂಸ್ಕೃತಿಕ ಹಬ್ಬ. 1966ರಲ್ಲಿ ಮೌಲಾನಾ ಕರೆಂಗಾ ರೂಪಿಸಿದ ಇದು ಡಿಸೆಂಬರ್ 26ರಿಂದ ಜನವರಿ 1ರವರೆಗೆ ಏಳು ದಿನ, ದಿನಕ್ಕೊಂದು ತತ್ವ. ಮೇಜಿನ ಮೇಲೆ ಚಾಪೆ, ಅದರ ಮೇಲೆ ಏಳು ಮೇಣದ ಬತ್ತಿ ನಿಲ್ಲಿಸುವ ಕಂಬ, ಕಿನಾರಾ: ನಡುವೆ ಕಪ್ಪು, ಒಂದು ಕಡೆ ಮೂರು ಕೆಂಪು, ಇನ್ನೊಂದು ಕಡೆ ಮೂರು ಹಸಿರು. ಎಲ್ಲರೂ ಕುಡಿಯುವ ಒಗ್ಗಟ್ಟಿನ ಬಟ್ಟಲು, ಹಣ್ಣು, ಮನೆಯ ಮಗುವಿಗೆ ಒಂದರಂತೆ ಜೋಳದ ತೆನೆ. ನವರಾತ್ರಿಗೆ ಗೊಂಬೆ ಕೂರಿಸುವವರಿಗೆ ಈ ಜೋಡಣೆಯ ಶಿಸ್ತು ಕೂಡಲೇ ಅರ್ಥವಾಗುತ್ತದೆ. ಮೊದಲ ದಿನ ಹೊತ್ತುವುದು ನಡುವಿನ ಕಪ್ಪು ಬತ್ತಿ. ಡಿಸೆಂಬರ್ 31ರಂದು ಕರಾಮು ಎಂಬ ದೊಡ್ಡ ಊಟ. ಗ್ರಂಥಾಲಯ, ಶಾಲೆಯ ಸಭಾಂಗಣಗಳಲ್ಲಿ ಬೆಂಕಿಗೆ ಎಷ್ಟೋ ಸಲ ಅನುಮತಿ ಇರುವುದಿಲ್ಲ. ಕೊನೇ ಗಳಿಗೆಯಲ್ಲಿ ಬ್ಯಾಟರಿ ಬತ್ತಿ ಹುಡುಕಿದರೆ ಬಿಳಿಯವೇ ಸಿಗುತ್ತವೆ, ಬಣ್ಣದವನ್ನು ನವೆಂಬರಿನಲ್ಲೇ ತರಿಸಿಡಬೇಕು.

ಇವರ ಮೇಲೆ ಟೀಕೆಗಳಿಲ್ಲದಿಲ್ಲ. ಪದವಿ, ಶುಲ್ಕ, ಆಯ್ಕೆ ಎಲ್ಲ ಸೇರಿ ಇದು ಅನುಕೂಲಸ್ಥರ ಕೂಟವಾಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಹೊಸಬರನ್ನು ಪೀಡಿಸುವ ಹಳೇ ಚಾಳಿಯನ್ನು ತಡೆಯಲೆಂದು ಆಗ ಒಕ್ಕೂಟದಲ್ಲಿದ್ದ ಎಂಟು ಸಂಘಗಳು 1990ರಲ್ಲಿ ಪ್ಲೆಜಿಂಗ್, ಅಂದರೆ ಸೇರುವ ಮುನ್ನ ಹೊಸಬರನ್ನು ಪರೀಕ್ಷೆಗೆ ಒಡ್ಡುವ ಪದ್ಧತಿ, ರದ್ದು ಮಾಡಿದವು. ಕದ್ದುಮುಚ್ಚಿ ಅದು ಇನ್ನೂ ನಡೆಯುವುದು ನಾಚಿಕೆಗೇಡು.

ಭಾರತಕ್ಕೂ ಒಂದು ಎಳೆ ಇದೆ. ಡೆಲ್ಟಾದ ರಾಷ್ಟ್ರಾಧ್ಯಕ್ಷೆಯಾಗಿದ್ದಾಗಲೇ ಡೊರೊಥಿ ಹೈಟ್ 1952ರಲ್ಲಿ ದೆಹಲಿಯ ಸಮಾಜಕಾರ್ಯ ಶಾಲೆಯಲ್ಲಿ ಸಂದರ್ಶಕ ಅಧ್ಯಾಪಕಿಯಾಗಿ ಪಾಠ ಮಾಡಿದ್ದರು.

ಇಂದು ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳ ಮಕ್ಕಳಿಗೂ ಶಾಲೆಯಿಂದ ಕಿಂಗ್ ದಿನದ ಸೇವೆಗೆ ಕರೆ ಬರುತ್ತದೆ. ಹೋಗುವುದಾದರೆ ಎ.ಕೆ.ಎ.ಯ ಬಣ್ಣಗಳಾದ ಗುಲಾಬಿ-ಹಸಿರು ಸೀರೆಯೇ ಉಟ್ಟುಕೊಂಡು ಹೋಗಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಗ್ರೀಕ್ ಅಕ್ಷರದ ಅಂಗಿಯನ್ನು ಸದಸ್ಯೆಯರು ಮಾತ್ರ ಹಾಕುತ್ತಾರೆ. ‘ಸ್ಕೀ-ವೀ’ ಎಂಬ ಎ.ಕೆ.ಎ.ಯವರ ಕೂಗು ಕೇಳಲು ಚಂದ, ತಿರುಗಿ ಕೂಗಬೇಡಿ. ಕೈ ಸನ್ನೆಯನ್ನೂ ಅನುಕರಿಸಬೇಡಿ. ಸ್ಟ್ರೋಲ್ ಮಾಡುವವರ ಸಾಲಿನ ನಡುವೆ ಹಾದುಹೋಗಬೇಡಿ, ಸುತ್ತಿ ಬನ್ನಿ. ಮಕ್ಕಳ ಫೋಟೋ ತೆಗೆಯುವ ಮೊದಲು ಒಪ್ಪಿಗೆ ಪತ್ರ ಯಾರ ಹತ್ತಿರ ಇದೆ ಕೇಳಿ. ಸಹಾಯ ಬೇಕಾಗುವುದು ಫೋಟೋದ ಹೊತ್ತಿಗಲ್ಲ, ಬೆಳಿಗ್ಗೆ ಏಳಕ್ಕೆ ಮೇಜು ಇಳಿಸುವಾಗ ಮತ್ತು ಮಧ್ಯಾಹ್ನ ಎರಡಕ್ಕೆ ಮಡಚುವಾಗ. ಏನಾದರೂ ತರಲೇ ಎಂದು ಕೇಳಿದರೆ ಡಬ್ಬಿ ತನ್ನಿ ಎನ್ನುತ್ತಾರೆ. ಕೊಳ್ಳುವ ಮುನ್ನ ತಲೆಕೆಳಗು ಮಾಡದೆ ಮೇಲ್ಭಾಗ ನೋಡಿ. ಬೆರಳು ತೂರಿಸಿ ಎಳೆಯುವ ಉಂಗುರ ಇರಬೇಕು.